ಮಿದುಳುಬಳ್ಳಿ ಎಲ್ಲಿ ಮುಗಿಯುತ್ತದೆ? ಶಾಲೆಗೆ ತರಿಸಿದ ನರಮಂಡಲದ ಮಾದರಿಯ ವಿಮರ್ಶೆ

ಶಿರಸಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಹಳೆಯ ವಿದ್ಯಾರ್ಥಿಗಳು ಪ್ರಯೋಗಾಲಯಕ್ಕೆಂದು ಕೊಟ್ಟ ಹಣದಲ್ಲಿ ಕಳೆದ ಮೇ ತಿಂಗಳಿನಲ್ಲಿ ಮಾನವ ನರಮಂಡಲದ ಮಾದರಿಯೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಸಾಗಣೆಯ ವೆಚ್ಚವೂ ಸೇರಿ 7,400 ರೂಪಾಯಿ ಆಯಿತು. ಪೆಟ್ಟಿಗೆಯಲ್ಲಿ ಮೂರು ವಸ್ತುಗಳಿದ್ದವು: ಹಲಗೆಯ ಮೇಲೆ ಉಬ್ಬುಚಿತ್ರದಂತೆ ಕೂರಿಸಿದ, ಮನುಷ್ಯನ ಅರ್ಧದಷ್ಟು ಎತ್ತರದ ನರಮಂಡಲ, ಎಂಟು ಭಾಗಗಳಾಗಿ ಬಿಡಿಸಬಹುದಾದ ಮಿದುಳು, ಬ್ಯಾಟರಿಯಿಂದ ದೀಪ ಹೊತ್ತುವ ಪರಾವರ್ತಿತ ಚಾಪದ (ಯೋಚಿಸುವ ಮೊದಲೇ ಕೈ ಹಿಂದೆ ಸರಿಯುವಂತೆ ಸಂದೇಶ ಸಾಗುವ ದಾರಿಯ) ಫಲಕ. ಒಂದು ಪೂರ್ತಿ ಮಳೆಗಾಲವನ್ನು ಅದು ನಮ್ಮ ಪ್ರಯೋಗಾಲಯದಲ್ಲಿ ಕಳೆದ ಮೇಲೆ, ಹತ್ತನೆಯ ತರಗತಿಯ ಎರಡು ವಿಭಾಗಗಳಿಗೆ ಅದನ್ನು ಮುಂದಿಟ್ಟುಕೊಂಡು ಪಾಠ ಮಾಡಿದ ಮೇಲೆ, ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಮೆಚ್ಚಬೇಕಾದ ಸಂಗತಿಯನ್ನು ಹೇಳುತ್ತೇನೆ. ನರಗಳಿಗೆ ಹಚ್ಚಿದ ಬಣ್ಣ ಹಳದಿ. ಇದು ಸಣ್ಣ ವಿಷಯವೆಂದು ಹೊರಗಿನವರಿಗೆ ಅನ್ನಿಸಬಹುದು, ಆದರೆ ಕನ್ನಡದಲ್ಲಿ ಪಾಠ ಮಾಡುವವರಿಗೆ ಅಲ್ಲ. ನಮ್ಮ ಆಡುಮಾತಿನಲ್ಲಿ ಮುಂಗೈ ಮೇಲೆ ಹಸಿರಾಗಿ ಕಾಣುವುದೂ ನರ, ದಾದಿಯರು ಸಲೈನ್ ಸೂಜಿ ಚುಚ್ಚುವುದೂ ನರಕ್ಕೆ, ಮೀನಖಂಡ ಸೆಟೆದುಕೊಂಡರೆ ಹಿಡಿದದ್ದೂ ನರವೇ. ಅವುಗಳಲ್ಲಿ ಮೊದಲೆರಡು ರಕ್ತನಾಳಗಳು, ಮೂರನೆಯದು ಸ್ನಾಯು. ನಿಜವಾದ ನರ ಚರ್ಮದ ಮೇಲಿಂದ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಹಿಂದೆ ನಮ್ಮಲ್ಲಿದ್ದ ಹಳೆಯ ಚಿತ್ರಪಟದಲ್ಲಿ ನರಗಳು ನೀಲಿಯಾಗಿದ್ದುದರಿಂದ ಅವುಗಳಲ್ಲಿ ರಕ್ತ ಹರಿಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದವರು ಪ್ರತಿವರ್ಷ ಒಬ್ಬಿಬ್ಬರಾದರೂ ಇರುತ್ತಿದ್ದರು. ಈ ವರ್ಷ ಒಬ್ಬರೂ ಬರೆಯಲಿಲ್ಲ.

ಕೈಕಾಲುಗಳ ನರಗಳನ್ನು ತಯಾರಕರು ಶ್ರದ್ಧೆಯಿಂದ ಮಾಡಿದ್ದಾರೆ. ಭುಜದ ಬಳಿ ಕುತ್ತಿಗೆಯ ನರಗಳು ಹೆಣೆದುಕೊಂಡು ಮತ್ತೆ ಕವಲೊಡೆದು ತೋಳಿಗೆ ಇಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಮೊಣಕೈಯ ಹಿಂದೆ ಮೂಳೆಗೆ ಒತ್ತಿಕೊಂಡು ಸಾಗುವ ಅಲ್ನಾರ್ ನರವನ್ನು ಅದರ ನಿಜವಾದ ತಾಣದಲ್ಲಿಯೇ ಕೂರಿಸಿದ್ದಾರೆ. ಬಾಗಿಲಿಗೆ ಮೊಣಕೈ ತಾಗಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುವುದು ಏಕೆಂದು ಮಕ್ಕಳಿಗೆ ವಿವರಿಸಲು ಬೇರೇನೂ ಬೇಕಾಗಲಿಲ್ಲ. ಕುಷ್ಠರೋಗದ ತಪಾಸಣೆಗೆ ಮನೆಗೆ ಬರುವ ಆರೋಗ್ಯ ಕಾರ್ಯಕರ್ತರು ಮೊಣಕೈಯ ಹಿಂದೆ ಮುಟ್ಟಿ ನೋಡುವುದು ಇದೇ ನರ ದಪ್ಪಗಾಗಿದೆಯೇ ಎಂಬುದನ್ನು. ಪೃಷ್ಠದಿಂದ ತೊಡೆಯ ಹಿಂಭಾಗಕ್ಕೆ ಇಳಿಯುವ ಸಯಾಟಿಕ್ ನರ ದೇಹದ ನರಗಳಲ್ಲೆಲ್ಲ ದಪ್ಪನೆಯದು. ಅದೂ ಇಲ್ಲಿ ಉಳಿದವುಗಳಿಗಿಂತ ದಪ್ಪವಾಗಿಯೇ ಇದೆ.

ಆದರೆ ಮಾದರಿಯ ನಡುಭಾಗಕ್ಕೆ ಬಂದಾಗ ನನ್ನ ಮೆಚ್ಚುಗೆ ನಿಲ್ಲುತ್ತದೆ. ಇದರಲ್ಲಿ ಮಿದುಳುಬಳ್ಳಿ, ಅಂದರೆ ಮಿದುಳಿನಿಂದ ಬೆನ್ನುಮೂಳೆಯ ಕೊಳವೆಯೊಳಗೆ ಇಳಿಯುವ ನರತಂತುಗಳ ಬಳ್ಳಿ, ತಲೆಬುರುಡೆಯ ಕೆಳಗಿನಿಂದ ಬಾಲಮೂಳೆಯ ತುದಿಯವರೆಗೆ ಒಂದೇ ದಪ್ಪದಲ್ಲಿ, ನೀರಿನ ಪೈಪಿನ ಹಾಗೆ, ಇಳಿದುಹೋಗಿದೆ. ನಿಜವಾದ ಮಿದುಳುಬಳ್ಳಿ ವಯಸ್ಕರಲ್ಲಿ 42ರಿಂದ 45 ಸೆಂಟಿಮೀಟರ್ ಉದ್ದವಿದ್ದು, ಸೊಂಟದ ಮೊದಲನೆಯ ಮತ್ತು ಎರಡನೆಯ ಕಶೇರುಮಣಿಗಳ (ಬೆನ್ನುಮೂಳೆಯ ಬಿಡಿ ಮೂಳೆಗಳ) ಆಸುಪಾಸಿನಲ್ಲಿಯೇ ಚೂಪಾಗಿ ಮುಗಿದುಬಿಡುತ್ತದೆ. ಕೈಗಳಿಗೆ ನರಗಳು ಹೊರಡುವ ಕುತ್ತಿಗೆಯ ಬಳಿ ಒಮ್ಮೆ, ಕಾಲುಗಳಿಗೆ ಹೊರಡುವ ಕಡೆ ಇನ್ನೊಮ್ಮೆ ಅದು ಉಬ್ಬಿಕೊಂಡಿರುತ್ತದೆ. ಅದು ಮುಗಿದಲ್ಲಿಂದ ಕೆಳಕ್ಕೆ ಬೆನ್ನುಮೂಳೆಯ ಕೊಳವೆಯಲ್ಲಿ ಇರುವುದು ನರಬೇರುಗಳ ಒಂದು ಜೊಂಪೆ ಮಾತ್ರ. ನೋಡಲು ಕುದುರೆಯ ಬಾಲದಂತಿರುವುದರಿಂದ ಅಂಗರಚನಾಶಾಸ್ತ್ರದಲ್ಲಿ ಅದಕ್ಕೆ ಆ ಅರ್ಥದ ಲ್ಯಾಟಿನ್ ಹೆಸರೇ ಇದೆ. ಗರ್ಭದಲ್ಲಿ ಮಗು ಬೆಳೆಯುವಾಗ ಬೆನ್ನುಮೂಳೆ ಮಿದುಳುಬಳ್ಳಿಗಿಂತ ವೇಗವಾಗಿ ಉದ್ದವಾಗುವುದರಿಂದ ಬಳ್ಳಿ ಮೇಲೆಯೇ ಉಳಿದು, ಬೇರುಗಳು ತಮ್ಮ ತಮ್ಮ ಕಿಂಡಿಗಳನ್ನು ಹುಡುಕಿಕೊಂಡು ಕೆಳಗಿಳಿಯಬೇಕಾಗುತ್ತದೆ.

ಈ ತಪ್ಪನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರಲು ಕಾರಣಗಳಿವೆ. ಶಾಲೆಯ ವಸ್ತುಪ್ರದರ್ಶನದ ದಿನ ಈ ಮಾದರಿಯನ್ನು ನೋಡಿದ ತಾಯಿಯೊಬ್ಬರು, ಹೆರಿಗೆಯ ಶಸ್ತ್ರಚಿಕಿತ್ಸೆಗೆ ಮೊದಲು ತಮ್ಮ ಬೆನ್ನಿಗೆ ಚುಚ್ಚಿದ ಸೂಜಿ ಇದರೊಳಗೇ ಹೋಗಿರಬೇಕಲ್ಲವೇ ಎಂದು ಕೇಳಿದರು. ಆ ಹೆದರಿಕೆ ಅವರೊಬ್ಬರದೇ ಅಲ್ಲ, ಊರಿನ ಎಷ್ಟೋ ಮನೆಗಳಲ್ಲಿದೆ. ಅರಿವಳಿಕೆಯ ಸೂಜಿಯನ್ನು ಸೊಂಟದ ಮೂರು ಮತ್ತು ನಾಲ್ಕನೆಯ ಮಣಿಗಳ ನಡುವೆ ಅಥವಾ ಅದರ ಹತ್ತಿರದ ಸಂದಿನಲ್ಲಿ ಹಾಕುವುದು, ಅಲ್ಲಿಗೆ ಮಿದುಳುಬಳ್ಳಿ ಮುಗಿದಿರುತ್ತದೆ ಎಂಬ ಕಾರಣಕ್ಕಾಗಿಯೇ. ಅಲ್ಲಿ ದ್ರವದಲ್ಲಿ ತೇಲುವ ಬೇರುಗಳು ಸೂಜಿಗೆ ಸಾಮಾನ್ಯವಾಗಿ ದಾರಿ ಬಿಟ್ಟು ಸರಿಯುತ್ತವೆ. ಸರಿಯಾದ ಮಾದರಿಯಾಗಿದ್ದರೆ ಬೆರಳಿಟ್ಟು ತೋರಿಸಿ ಆ ತಾಯಿಯನ್ನು ಸಮಾಧಾನಪಡಿಸಬಹುದಿತ್ತು. ನಮ್ಮ ಮಾದರಿ ಅವರ ಭಯವನ್ನೇ ಗಟ್ಟಿಮಾಡಿತು.

ಇನ್ನೊಂದು ಕಾರಣ ನಮ್ಮ ತೋಟಗಳದು. ಅಡಿಕೆಯ ಕೊಯ್ಲಿನ ಕಾಲದಲ್ಲಿ ಕೊನೆಗೌಡರು, ಅಂದರೆ ಮರ ಹತ್ತಿ ಗೊನೆ ಇಳಿಸುವವರು, ಮರದಿಂದ ಬಿದ್ದ ಸುದ್ದಿ ಕೇಳದ ಹಳ್ಳಿ ಈ ಕಡೆ ಸಿಗುವುದು ಕಷ್ಟ. ಎತ್ತರದಿಂದ ಬಿದ್ದಾಗ ಹೆಚ್ಚಾಗಿ ಪೆಟ್ಟಾಗುವುದು ಎದೆಯ ಭಾಗದ ಬೆನ್ನುಮೂಳೆ ಸೊಂಟದ ಭಾಗವನ್ನು ಸೇರುವ ಜಾಗದಲ್ಲಿ, ಅಂದರೆ ಮಿದುಳುಬಳ್ಳಿ ಮುಗಿಯುವ ಸ್ಥಳಕ್ಕೆ ತೀರ ಹತ್ತಿರದಲ್ಲಿ. ಪೆಟ್ಟು ಬಳ್ಳಿಗೇ ಬಿದ್ದರೆ ಅಲ್ಲಿಂದ ಕೆಳಗಿನ ಸ್ಪರ್ಶ, ಚಲನೆ, ಮೂತ್ರದ ಹಿಡಿತ ಎಲ್ಲವೂ ಹೋಗಬಹುದು, ಏಕೆಂದರೆ ಕೇಂದ್ರ ನರಮಂಡಲದ ತಂತುಗಳು ಕಡಿದ ಮೇಲೆ ಮತ್ತೆ ಬೆಳೆದು ಕೂಡಿಕೊಳ್ಳುವುದಿಲ್ಲ. ಕೆಳಗಿನ ಬೇರುಗಳಿಗೆ ಮಾತ್ರ ಪೆಟ್ಟಾಗಿದ್ದರೆ ಚೇತರಿಕೆಯ ಅವಕಾಶ ಅದಕ್ಕಿಂತ ಹೆಚ್ಚು. ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಬಾರದು, ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು ಎಂಬ ಮಾತಿನ ಹಿಂದಿರುವುದು ಈ ರಚನೆಯೇ. ಈಗ ದೋಟಿಯಿಂದ (ಉದ್ದನೆಯ ಕೋಲಿನಿಂದ) ನೆಲದ ಮೇಲೆಯೇ ನಿಂತು ಕೊಯ್ಯುವವರು ಹೆಚ್ಚಾಗಿದ್ದಾರೆ ಎಂಬುದು ನೆಮ್ಮದಿಯ ವಿಷಯವಾದರೂ, ಈ ಪಾಠ ನಮ್ಮ ಮಕ್ಕಳಿಗೆ ಪಠ್ಯಕ್ಕಿಂತ ಆಚೆಗೂ ಬೇಕು. ಬೆನ್ನುಹುರಿ ಎಂಬ ಪದವನ್ನು ಪತ್ರಿಕೆಗಳು ಬಳ್ಳಿಗೆ ಬಳಸಿದರೆ ಜನರು ಮೂಳೆಗೇ ಬಳಸುವುದುಂಟು. ಆದ್ದರಿಂದ ನಾನು ತರಗತಿಯಲ್ಲಿ ಮಿದುಳುಬಳ್ಳಿ ಮತ್ತು ಬೆನ್ನುಮೂಳೆ ಎಂಬ ಎರಡು ಪದಗಳನ್ನೇ ಬಳಸುತ್ತೇನೆ.

ಎರಡನೆಯ ತಪ್ಪನ್ನು ಹುಡುಕಿದ್ದು ವಿದ್ಯಾರ್ಥಿನಿಯೊಬ್ಬಳು. ಮಿದುಳುಬಳ್ಳಿಯಿಂದ ಹೊರಡುವ ನರಗಳು 31 ಜೊತೆ: ಕುತ್ತಿಗೆಯಲ್ಲಿ 8, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5, ಸೊಂಟದ ಕೆಳಗಿನ ತ್ರಿಕಾಸ್ಥಿಯಲ್ಲಿ 5, ಬಾಲಮೂಳೆಯಲ್ಲಿ 1. ಮಾದರಿಯಲ್ಲಿ ಎಣಿಸಿದರೆ 29 ಸಿಕ್ಕವು, ಮೂರು ಸಲ ಎಣಿಸಿದರೂ ಅಷ್ಟೇ. ಅದೇ ಎಣಿಕೆಯ ನಡುವೆ ಅವಳು, ಕುತ್ತಿಗೆಯಲ್ಲಿ ಮೂಳೆ ಏಳೇ ಇರುವಾಗ ನರ ಎಂಟು ಹೇಗೆ ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ಮೊದಲನೆಯ ನರ ಮೊದಲನೆಯ ಮಣಿಯ ಮೇಲಿನಿಂದ ಹೊರಬರುತ್ತದೆ, ಎಂಟನೆಯದು ಏಳನೆಯ ಮಣಿಯ ಕೆಳಗಿನಿಂದ. ಅಲ್ಲಿಂದ ಮುಂದೆ ಪ್ರತಿ ನರಕ್ಕೂ ಅದರ ಮೇಲಿನ ಮಣಿಯ ಸಂಖ್ಯೆಯೇ ಹೆಸರು. ಸಂಖ್ಯೆ ತಪ್ಪಿದ ಮಾದರಿಯೊಂದು ಒಳ್ಳೆಯ ಪ್ರಶ್ನೆಯನ್ನು ಹುಟ್ಟಿಸಿತು ಎಂಬುದನ್ನು ಮಾರಾಟಗಾರರ ಲೆಕ್ಕಕ್ಕೆ ಸೇರಿಸಲು ನಾನು ಸಿದ್ಧನಿಲ್ಲ. ಚಿತ್ರಗಳನ್ನು ಕಳುಹಿಸಿ ದೂರಿದಾಗ ಅವರಿಂದ ಬಂದ ಉತ್ತರ, ಎಲ್ಲ ಶಾಲೆಗಳಿಗೂ ಇದೇ ಮಾದರಿ ಹೋಗುತ್ತದೆ ಎಂಬುದು.

ಮಿದುಳಿನ ಮಾದರಿ ಪರವಾಗಿಲ್ಲ. ಹಾಲೆಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿರುವುದು ಗುರುತಿಸಲು ಅನುಕೂಲ. ನಿಜವಾದ ಮಿದುಳು ಹೊರಗೆ ಬೂದು, ಒಳಗೆ ಬಿಳಿ ಎಂದು ಬಾಯಲ್ಲಿ ಹೇಳಿದರೆ ಸಾಕು. ವಯಸ್ಕರ ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟೇ ಇರುವ ಈ ಅಂಗ ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಬಳಸುತ್ತದೆ. ಅನುಮಸ್ತಿಷ್ಕವನ್ನು ಪ್ರತ್ಯೇಕ ತುಂಡಾಗಿ ಕೊಟ್ಟಿರುವುದು ನನಗೆ ಸಂತೋಷ ಕೊಟ್ಟಿತು, ಏಕೆಂದರೆ ಹಿಂದೆ ಮೂಲೆಯಲ್ಲಿ ಕುಳಿತ ಆ ಪುಟ್ಟ ಭಾಗವನ್ನು ಎಲ್ಲರೂ ಕಡೆಗಣಿಸುತ್ತಾರೆ. ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇರುವುದು ಅಲ್ಲಿಯೇ. ಯೋಚನೆಯ ನೆಲೆಯೆಂದು ನಾವು ಹೊಗಳುವ ಮಹಾಮಸ್ತಿಷ್ಕದ ತೊಗಟೆಯಲ್ಲಿ ಇರುವುದು 1,600 ಕೋಟಿಯಷ್ಟು. ಕೊರತೆಯೆಂದರೆ ಮಿದುಳು ಮಿದುಳುಬಳ್ಳಿಯನ್ನು ಸೇರುವ ಮೆಡುಲ್ಲಾದಲ್ಲಿ ಚಲನೆಯ ತಂತುಗಳಲ್ಲಿ ಹೆಚ್ಚಿನವು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುವುದನ್ನು ತೋರಿಸಿಲ್ಲ. ಲಕ್ವ ಹೊಡೆದು ಬಲಗೈ ಬಿದ್ದುಹೋದವರ ಮಿದುಳಿನ ಎಡಭಾಗದಲ್ಲಿ ತೊಂದರೆ ಇರುತ್ತದೆ ಎಂಬುದನ್ನು ನಾನು ಎರಡು ಬಣ್ಣದ ದಾರ ಕಟ್ಟಿ ತೋರಿಸಬೇಕಾಯಿತು.

ಮೂರರಲ್ಲಿ ಅತ್ಯುತ್ತಮವಾದದ್ದು ಪರಾವರ್ತಿತ ಚಾಪದ ಫಲಕ. ಬೆರಳಿನ ಚಿತ್ರದ ಬಳಿಯ ಗುಂಡಿ ಒತ್ತಿದರೆ ದೀಪಗಳು ಸಂವೇದನಾ ನರದ ಗುಂಟ ಹೊತ್ತಿಕೊಳ್ಳುತ್ತ ಮಿದುಳುಬಳ್ಳಿಯನ್ನು ಸೇರಿ, ಅಲ್ಲಿಂದಲೇ ತಿರುಗಿ ತೋಳಿನ ಸ್ನಾಯುವಿಗೆ ಬರುತ್ತವೆ. ಮಿದುಳಿನ ಕಡೆಗೆ ಹೋಗುವ ಇನ್ನೊಂದು ಸಾಲು ತುಸು ತಡವಾಗಿ ಅಲ್ಲಿಗೆ ಮುಟ್ಟುತ್ತದೆ. ಒಲೆಯ ಮೇಲಿನ ಪಾತ್ರೆ ತಾಗಿದಾಗ ಕೈ ಮೊದಲು ಹಿಂದೆ ಸರಿದು ಉರಿ ಆಮೇಲೆ ತಿಳಿಯುವ ಅನುಭವವನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ್ದನ್ನು ನಾನು ನೋಡಿಲ್ಲ.

ದೀಪಗಳಿಂದಾಗಿ ನರದಲ್ಲಿ ತಂತಿಯ ಹಾಗೆ ಕರೆಂಟು ಹರಿಯುತ್ತದೆ ಎಂಬ ಭಾವನೆ ಬರುತ್ತದೆ, ಅದನ್ನು ಮಾತ್ರ ಶಿಕ್ಷಕರು ತಿದ್ದಬೇಕು. ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಪ್ರಚೋದನೆಯಾದಾಗ ಸೋಡಿಯಂ ಅಯಾನುಗಳು ಒಳನುಗ್ಗಿ, ಪೊಟ್ಯಾಸಿಯಂ ಅಯಾನುಗಳು ಹೊರಬಂದು, ಆ ಅಲೆ ಮುಂದೆ ಮುಂದೆ ಸಾಗುತ್ತದೆ. 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅದರ ವೇಗವನ್ನು ಅಳೆದಾಗ ಸಿಕ್ಕಿದ್ದು ಸೆಕೆಂಡಿಗೆ ಸುಮಾರು 27 ಮೀಟರ್. ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿರುವ ದಪ್ಪ ತಂತುಗಳಲ್ಲಿ ಮನುಷ್ಯನಲ್ಲಿ ಅದು 120 ಮೀಟರಿನವರೆಗೂ ಹೋಗುತ್ತದೆ, ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಎರಡು ಮೀಟರನ್ನೂ ದಾಟದಿರಬಹುದು. ನರದ ತುದಿಯಿಂದ ಸ್ನಾಯುವಿಗೆ ಸಂದೇಶವನ್ನು ದಾಟಿಸುವುದಂತೂ ರಾಸಾಯನಿಕ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವ ಕಟ್ಟುಹಾವಿನ ವಿಷ ಕೆಲಸ ಮಾಡುವುದು ಈ ಸಂದಿನಲ್ಲಿಯೇ: ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಚಿಕಿತ್ಸೆ ಸಿಗದಿದ್ದರೆ ಕೊನೆಗೆ ಉಸಿರಾಟದ ಸ್ನಾಯುಗಳಿಗೂ ಸಂದೇಶ ಮುಟ್ಟುವುದಿಲ್ಲ. ಕಚ್ಚಿದ ಜಾಗ ಬಾತಿಲ್ಲ, ನೋವಿಲ್ಲ ಎಂದು ಬೆಳಗಿನವರೆಗೆ ಕಾಯುವುದು ಏಕೆ ಅಪಾಯವೆಂದು ಈ ಫಲಕದ ಕೊನೆಯ ದೀಪವನ್ನು ಬಿಚ್ಚಿ ತೋರಿಸಿದೆ.

ನಮ್ಮ ಇಚ್ಛೆಗೆ ಕಾಯದೆ ಒಳಗಿನ ಅಂಗಗಳನ್ನು ನಡೆಸುವ ಸ್ವಾಯತ್ತ ನರಮಂಡಲದ ಬಗ್ಗೆ ಬರೆಯುವಷ್ಟು ಈ ಮಾದರಿಯಲ್ಲಿ ಏನೂ ಇಲ್ಲ. ಹೃದಯವನ್ನೂ ಜಠರವನ್ನೂ ತಲುಪಬೇಕಾದ ವೇಗಸ್ ನರ ಗಂಟಲಿನಲ್ಲಿಯೇ ನಿಂತಿದೆ. ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ ಕನ್ನಡದ ಚೀಟಿಗಳನ್ನು ನಾವೇ ಬರೆದು ಅಂಟಿಸಿದೆವು. ಜುಲೈ ಹೊತ್ತಿಗೆ ಹಲಗೆಗೆ ಬೂಷ್ಟು ಹಿಡಿದು, ಮಿದುಳಿನ ತುಂಡುಗಳನ್ನು ಕೂಡಿಸುವ ಅಯಸ್ಕಾಂತಗಳಿಗೆ ತುಕ್ಕು ಬಂತು. ಘಟ್ಟದ ಮೇಲೆಯೇ ಹೀಗಾದರೆ ಕಾರವಾರ, ಅಂಕೋಲಾಗಳ ಉಪ್ಪುಗಾಳಿಯಲ್ಲಿ ಏನಾಗಬಹುದೆಂದು ಅಲ್ಲಿನ ಶಾಲೆಗಳವರು ಯೋಚಿಸಿ ಕೊಳ್ಳಬೇಕು.

ಫಲಕವನ್ನಷ್ಟೇ ಬಿಡಿಯಾಗಿ 1,900 ರೂಪಾಯಿಗೆ ಕೊಡುತ್ತಾರೆ. ನಾನಾಗಿದ್ದರೆ ಈಗ ಅದನ್ನು ಮಾತ್ರ ತರಿಸುತ್ತಿದ್ದೆ. ದೊಡ್ಡ ಮಾದರಿಯನ್ನು ಈಗಾಗಲೇ ಕೊಂಡವರು ನಾವು ಮಾಡಿದ ಹಾಗೆ ಮಾಡಬಹುದು: ಸೊಂಟದ ಎರಡನೆಯ ಮಣಿಯಿಂದ ಕೆಳಗಿನ ಬಳ್ಳಿಯನ್ನು ಗರಗಸದ ಬ್ಲೇಡಿನಿಂದ ಕತ್ತರಿಸಿ ತೆಗೆದು, ಆ ಜಾಗಕ್ಕೆ ಹಳದಿ ಬಣ್ಣದಲ್ಲಿ ಅದ್ದಿದ ತೆಂಗಿನ ನಾರಿನ ಎಳೆಗಳನ್ನು ಫೆವಿಕಾಲಿನಿಂದ ಅಂಟಿಸಿದ್ದೇವೆ. ಕೈಬಿಟ್ಟುಹೋಗಿದ್ದ ಎರಡು ಜೊತೆ ನರಗಳೂ ಅದೇ ನಾರಿನಿಂದ ಬಂದವು. ಕುದುರೆಯ ಬಾಲಕ್ಕೆ ನಾರು ಚೆನ್ನಾಗಿಯೇ ಒಪ್ಪಿದೆ.