ನಾರ್ಮರ್ ಫಲಕದ ರೆಸಿನ್ ಪ್ರತಿಕೃತಿ: ಕೊಳ್ಳುವ ಮುನ್ನ ಕಿರೀಟದ ಸುರುಳಿ ನೋಡಿ

ನಾರ್ಮರ್ ಫಲಕವೆಂದರೆ ಪ್ರಾಚೀನ ಈಜಿಪ್ಟಿನ ರಾಜ ನಾರ್ಮರ್‌ನನ್ನು ಎರಡೂ ಬದಿಯಲ್ಲಿ ಕೆತ್ತಿದ ಕಲ್ಲಿನ ಹಲಗೆ. ಒಂದು ಬದಿಯಲ್ಲಿ ಅವನಿಗೆ ದಕ್ಷಿಣ ಈಜಿಪ್ಟಿನ ಬಿಳಿ ಕಿರೀಟ, ಇನ್ನೊಂದರಲ್ಲಿ ಉತ್ತರದ ಕೆಂಪು ಕಿರೀಟ. ಅದರ ಪ್ರತಿಕೃತಿ ಕೈಗೆ ಬಂದರೆ ಮೊದಲು ಪರೀಕ್ಷಿಸಬೇಕಾದದ್ದು ಎರಡು ಕಿರೀಟಗಳನ್ನು. ಕಲ್ಲಿನಲ್ಲಿ ಬಣ್ಣವಿಲ್ಲ, ಯಾವುದು ಬಿಳಿ, ಯಾವುದು ಕೆಂಪು ಎಂದು ಆಕಾರದಿಂದಲೇ ತಿಳಿಯಬೇಕು. ಆಕಾರ ಕೆಟ್ಟರೆ ಅರ್ಥವೂ ಕೆಟ್ಟಂತೆ.

ಮೂಲ ಫಲಕ ಸಿಕ್ಕಿದ್ದು 1897–98ರ ಉತ್ಖನನದಲ್ಲಿ, ದಕ್ಷಿಣ ಈಜಿಪ್ಟಿನ ಹೈರಾಕಾನ್‌ಪೊಲಿಸ್‌ನಲ್ಲಿ. ಸುಮಾರು ಕ್ರಿ.ಪೂ. 3100ರದ್ದು, ಎತ್ತರ ಹತ್ತಿರಹತ್ತಿರ 64 ಸೆಂ.ಮೀ. ಈ ಪ್ರತಿಕೃತಿ ಅದರ ಅರ್ಧ, 32 ಸೆಂ.ಮೀ. ಎರಡೂ ಬದಿಗೆ ಕೆತ್ತನೆಯಿದೆ, ಅದೇ ದೊಡ್ಡ ಸಮಾಧಾನ. ಒಂದೇ ಬದಿಯ ಅಚ್ಚಿನಲ್ಲಿ ಎರಡು ಕಿರೀಟಗಳ ಪೈಕಿ ಒಂದು ಇರುವುದೇ ಇಲ್ಲ, ಅಂಥದ್ದನ್ನು ಕೊಳ್ಳಬೇಡಿ.

ರಾಜ ಗದೆ ಎತ್ತಿ ಶತ್ರುವಿನ ಜುಟ್ಟು ಹಿಡಿದ ಬದಿಯಲ್ಲಿ ದಕ್ಷಿಣದ ಬಿಳಿ ಕಿರೀಟ, ಹೆಡ್ಜೆಟ್. ಎತ್ತರಕ್ಕೆ ಸಪೂರವಾಗುತ್ತ ಹೋಗಿ ತುದಿಯಲ್ಲಿ ಗುಂಡಾಗಬೇಕು. ಇಲ್ಲಿ ಗುಂಡಿನ ಕೆಳಗಿನ ಕತ್ತು ಸ್ಪಷ್ಟವಾಗಿದೆ, ಸೊಗಸಾಗಿ ಬಂದಿದೆ.

ತೊಂದರೆ ಇರುವುದು ಇನ್ನೊಂದು ಬದಿಯಲ್ಲಿ. ಮೇಲಿನ ಸಾಲಿನ ಮೆರವಣಿಗೆಯಲ್ಲಿ ರಾಜ ಚಿಕ್ಕವನು. ಅವನ ತಲೆಯ ಮೇಲಿನ ಕೆಂಪು ಕಿರೀಟ, ಡೆಶ್ರೆಟ್, ಇನ್ನೂ ಚಿಕ್ಕದು. ನೆತ್ತಿ ಚಪ್ಪಟೆ, ಹಿಂಭಾಗ ನೆಟ್ಟಗೆ ಮೇಲೆದ್ದಿರುತ್ತದೆ, ಮುಂದೆ ಒಂದು ಸುರುಳಿ. ಅರ್ಧ ಅಳತೆಯಲ್ಲಿ ಆ ಸುರುಳಿ ಕೆಲವೇ ಮಿಲಿಮೀಟರ್. ಅಚ್ಚಿನ ಅಷ್ಟು ಸಣ್ಣ ಗುಳಿಯಲ್ಲಿ ಗಾಳಿ ಸಿಕ್ಕಿಕೊಂಡರೆ ರೆಸಿನ್ ತುದಿಯವರೆಗೆ ಇಳಿಯುವುದಿಲ್ಲ. ಹಾಗೆ ಬಿದ್ದ ತೂತಿಗೆ ಪುಟ್ಟಿ ತುಂಬಿ ಬಣ್ಣ ಬಳಿದರೆ ಸುರುಳಿ ಗಂಟಾಗಿ ಉಳಿಯುತ್ತದೆ. ಈ ಪ್ರತಿಯಲ್ಲಿ ಆಗಿರುವುದು ಅದೇ. ಮಾರುವವರಿಂದ ಆ ಜಾಗದ ಹತ್ತಿರದ ಫೋಟೊ ತರಿಸಿಕೊಂಡು, ಸುರುಳಿ ಬಿಡಿಯಾಗಿ ಕಂಡರಷ್ಟೇ ದುಡ್ಡು ಕೊಡಿ.

ಜೊತೆಗೆ ಬರುವ ಕರಪತ್ರವನ್ನು ನಂಬಬೇಡಿ. ನಾರ್ಮರ್ ಜೋಡಿ ಕಿರೀಟ ಧರಿಸಿದ್ದಾನೆ ಎಂದು ಅದರಲ್ಲಿದೆ. ಫಲಕದಲ್ಲಿ ಒಂದೊಂದು ಬದಿಗೆ ಒಂದೊಂದು ಕಿರೀಟ. ಎರಡನ್ನೂ ಬೆಸೆದ ರೂಪ ಸ್ಪಷ್ಟವಾಗಿ ಕಾಣುವುದು ಕೆಲವು ತಲೆಮಾರು ಕಳೆದ ಮೇಲೆ, ದಕ್ಷಿಣ ಈಜಿಪ್ಟಿನ ಅಬಿಡೋಸ್‌ನಲ್ಲಿ ಸಿಕ್ಕ ಡೆನ್ ರಾಜನ ಕರಿಮರದ ಚೀಟಿಯಲ್ಲಿ, ಅಂದರೆ ಕೆತ್ತನೆಯುಳ್ಳ ಪುಟ್ಟ ಮರದ ತುಂಡಿನಲ್ಲಿ. ಪೆಟ್ಟಿಗೆಯ ಚಿತ್ರದಲ್ಲಿ ಹಣೆಯ ಮೇಲೆ ಹೆಡೆ ಎತ್ತಿದ ನಾಗರವೂ ಇದೆ. ಫಲಕದ ಕಿರೀಟಗಳಲ್ಲಿ ಅದಿಲ್ಲ. ಕೆಂಪು ಎಂದರೆ ಮೊದಲಿನಿಂದಲೂ ಉತ್ತರದ್ದೇ ಎಂಬ ಮಾತೂ ಅಷ್ಟು ಸರಳವಲ್ಲ. ಈ ಕಿರೀಟದ ಅತಿ ಹಳೆಯ ಚಿತ್ರವಿರುವ ಮಡಕೆಚೂರು ಸಿಕ್ಕಿದ್ದು ದಕ್ಷಿಣದ ನಕಾಡಾದಲ್ಲಿ, ಅದು ನಾರ್ಮರ್‌ಗಿಂತ ಶತಮಾನಗಳಷ್ಟು ಹಳೆಯದು. ನಿಜವಾದ ಕಿರೀಟವಂತೂ ಒಂದೂ ಸಿಕ್ಕಿಲ್ಲ, ಆದ್ದರಿಂದ ಇಂಥ ಚಿತ್ರಗಳೇ ನಮಗಿರುವ ಆಧಾರ.

ನಿಲ್ಲಿಸುವ ಮರದ ಪೀಠವೂ ಸರಿಯಿಲ್ಲ. ಅದರ ಸೀಳು ಆಳವಾಗಿರುವುದರಿಂದ ಕೆಳಗಿನ ಸಾಲಿನಲ್ಲಿ ಕೋಟೆಗೋಡೆ ಒಡೆಯುವ ಗೂಳಿಯ ಕಾಲುಗಳು ಮುಚ್ಚಿಹೋಗುತ್ತವೆ. ಸೀಳಿನೊಳಗೆ ತೆಳು ರಟ್ಟು ಹಾಕಿ ಫಲಕವನ್ನು ಎತ್ತಿಸಿ. ದೀಪವನ್ನು ಎದುರಿನಿಂದ ಬಿಡದೆ ಪಕ್ಕದಿಂದ, ತಗ್ಗಿನಲ್ಲಿ ಇಟ್ಟರೆ ಉಬ್ಬುಕೆತ್ತನೆಯ ನೆರಳು ಬಿದ್ದು ಎರಡೂ ಕಿರೀಟಗಳ ಅಂಚು ಎದ್ದು ಕಾಣುತ್ತದೆ.