ಚಿಂಫುನ್ಶಿಯಲ್ಲಿ ಸ್ವಯಂಸೇವೆ: ಮುಟ್ಟುವಂತಿಲ್ಲ, ಮುದ್ದೆ ಕಟ್ಟಬಹುದು

ಚಿಂಪಾಂಜಿ ಮರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದರೆ ಜಾಂಬಿಯಾದ ಚಿಂಫುನ್ಶಿ ಎಂಬ ಚಿಂಪಾಂಜಿ ಆಶ್ರಯಧಾಮಕ್ಕೆ ಹೋಗಬೇಡಿ. ಅಲ್ಲಿ ಸಿಗುವುದು ತರಕಾರಿ ಹೆಚ್ಚುವ ಕೆಲಸ, ಹುಲ್ಲು ಸವರುವ ಕೆಲಸ, ಪಂಜರ ತೊಳೆಯುವ ಕೆಲಸ. ದುಡ್ಡು ಕೊಡಬೇಕಾದವರೂ ನೀವೇ. ಇಷ್ಟಾದ ಮೇಲೂ ಮನಸ್ಸಿದ್ದರೆ ಮುಂದೆ ಓದಿ. ನನ್ನ ಮಟ್ಟಿಗಂತೂ ಇಷ್ಟು ಚೆನ್ನಾಗಿ ಕಳೆದ ರಜೆ ಇನ್ನೊಂದಿಲ್ಲ.

ನಾವಿರುವುದು ಚಿಂಗೋಲಾದಲ್ಲಿ, ತಾಮ್ರದ ಗಣಿಯ ಊರು. 2004ರಲ್ಲಿ ವೇದಾಂತ ಕಂಪನಿ ಇಲ್ಲಿನ ಕೊಂಕೋಲಾ ಗಣಿಗಳಿಗೆ ಬಂದ ಮೇಲೆ ಭಾರತದಿಂದ ಬಹಳ ಜನ ಬಂದರು. ನಮ್ಮ ಯಜಮಾನರೂ ಗಣಿ ಕೆಲಸಕ್ಕೇ ಬಂದವರು. ಇಲ್ಲಿನ ನಮ್ಮವರು ರಜೆ ಸಿಕ್ಕರೆ ಲಿವಿಂಗ್‌ಸ್ಟನ್‌ಗೆ ಹೋಗಿ ವಿಕ್ಟೋರಿಯಾ ಜಲಪಾತ ನೋಡಿ ಬರುತ್ತಾರೆ. ಮಗ್ಗುಲಲ್ಲೇ ನೂರಕ್ಕೂ ಹೆಚ್ಚು ಚಿಂಪಾಂಜಿಗಳಿರುವ ಜಾಗ ಇದೆ ಅಂದರೆ ಹುಬ್ಬೇರಿಸುತ್ತಾರೆ. ಸೊಲ್ವೇಜಿ ಕಡೆಯ ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಧೂಳು ಕುಡಿಯುತ್ತಾ ಸಾಗಿ, ಆಮೇಲೆ ಮಣ್ಣುದಾರಿಗೆ ತಿರುಗಿಕೊಂಡರೆ ಒಟ್ಟು 60-70 ಕಿ.ಮೀ. ಕಾಫುಯೆ ನದಿಯ ದಂಡೆ, ಸುತ್ತ ಮಿಯೊಂಬೊ ಎಂದು ಕರೆಯುವ ಇಲ್ಲಿನ ಒಣಕಾಡು.

ನಾನು ಹೋಗಿದ್ದು ಅಕ್ಕನ ಮಗ ಬೆಂಗಳೂರಿನಿಂದ ಬಂದಾಗ. ಅವನು ಹೊರಡುವ ಮೊದಲು ಪ್ರಾಣಿಗಳ ಸ್ವಯಂಸೇವೆಗೆಂದು ಆನ್‌ಲೈನಲ್ಲಿ ಒಬ್ಬ ಮಧ್ಯವರ್ತಿಯನ್ನು ಹಿಡಿದಿದ್ದ. ಆ ಏಜೆನ್ಸಿಯ ಹೆಸರು ಇಲ್ಲಿ ಬೇಡ. ಅವರ ಜಾಹೀರಾತಿನ ತುಂಬ ಬಾಟಲಿ ಹಾಲು ಕುಡಿಯುವ ಮರಿಗಳು, ತಬ್ಬಿಕೊಂಡು ನಗುವ ಹುಡುಗಿಯರು. 'ನಾನು ಕಟ್ಟುವ ದುಡ್ಡಿನಲ್ಲಿ ಪ್ರಾಣಿಗಳಿಗೆ ಎಷ್ಟು ಹೋಗುತ್ತದೆ' ಎಂದು ಬರೆದು ಕೇಳಿದರೆ ಉತ್ತರವೇ ಇಲ್ಲ, ಬದಲಿಗೆ 'ಇನ್ನು ಎರಡೇ ಸೀಟು ಉಳಿದಿವೆ' ಅಂತ ಮೇಲಿಂದ ಮೇಲೆ ಮೆಸೇಜು. 'ಸುಮ್ನೆ ಬಾರೋ, ಇಲ್ಲೇ ಹತ್ತಿರ ಒಂದಿದೆ, ನೇರ ಅವರನ್ನೇ ಕೇಳೋಣ' ಅಂದೆ. ನಿಮಗೂ ಅದೇ ಮಾತು. ಆಶ್ರಯಧಾಮಕ್ಕೇ ಬರೆಯಿರಿ. ಆಫ್ರಿಕಾದಲ್ಲಿ ಬೇರೆ ಕಡೆ ಹೋಗುವುದಾದರೆ ಅದು ಇಂಥ ಆಶ್ರಯಧಾಮಗಳ ಒಕ್ಕೂಟವಾದ ಪ್ಯಾನ್ ಆಫ್ರಿಕನ್ ಸ್ಯಾಂಕ್ಚುಯರಿ ಅಲಯನ್ಸ್‌ನ ಸದಸ್ಯ ಸಂಸ್ಥೆಯೋ ಅಲ್ಲವೋ ನೋಡಿಕೊಳ್ಳಿ.

ಚಿಂಫುನ್ಶಿ ಶುರುವಾದದ್ದು ಯೋಜನೆ ಹಾಕಿಕೊಂಡಲ್ಲ. ಇದು ಡೇವಿಡ್ ಮತ್ತು ಶೀಲಾ ಸಿಡಲ್ ದಂಪತಿಯ ದನದ ಫಾರ್ಮ್ ಆಗಿತ್ತು. 1983ರಲ್ಲಿ ವನ್ಯಜೀವಿ ಇಲಾಖೆಯವರೊಬ್ಬರು ಗಾಯಗೊಂಡ ಒಂದು ಚಿಂಪಾಂಜಿ ಮರಿಯನ್ನು ತಂದು ಇವರ ಕೈಗಿಟ್ಟರು. ಆಗ ಜೈರ್ ಎಂದು ಕರೆಯುತ್ತಿದ್ದ ಈಗಿನ ಕಾಂಗೋದಿಂದ ಕಳ್ಳಸಾಗಣೆಯಲ್ಲಿ ಬಂದ ಮರಿ. ಪಾಲ್ ಎಂದು ಹೆಸರಿಟ್ಟು ಬದುಕಿಸಿಕೊಂಡರು. ಸುದ್ದಿ ಹಬ್ಬಿತು, ಒಂದರ ಹಿಂದೆ ಒಂದು ಬರತೊಡಗಿದವು. ಮಾಂಸಕ್ಕೆಂದು ತಾಯಿಯನ್ನು ಕೊಂದವರು ಮರಿಯನ್ನು ಸಾಕುವವರಿಗೆ ಮಾರುತ್ತಾರೆ. ಗಡಿ ದಾಟಿಸುವಾಗ ಸಿಕ್ಕಿಬಿದ್ದವು, ದೂರ ದೇಶಗಳ ಸರ್ಕಸ್ಸು, ಝೂಗಳಿಂದ ಬಿಡುಗಡೆಯಾದವು, ಎಲ್ಲಕ್ಕೂ ಇದೇ ಮನೆಯಾಯಿತು.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: ಜಾಂಬಿಯಾದ ಕಾಡುಗಳಲ್ಲಿ ಚಿಂಪಾಂಜಿಯೇ ಇಲ್ಲ. ಹಾಗಾಗಿ 'ಗುಣವಾದ ಮೇಲೆ ಕಾಡಿಗೆ ಬಿಡ್ತಾರಾ?' ಎಂಬ ಪ್ರಶ್ನೆ ಇಲ್ಲಿ ಹೊಂದುವುದಿಲ್ಲ. ಬಿಟ್ಟರೆ ಯಾವ ಕಾಡಿಗೆ? ಇಲ್ಲಿಗೆ ಬಂದದ್ದು ಇಲ್ಲೇ ಮುದಿಯಾಗುತ್ತದೆ, ಅದೂ ನಲವತ್ತು ಐವತ್ತು ವರ್ಷ ಬದುಕುವ ಜೀವ. ಮುಟ್ಟಬೇಡಿ ಎಂಬ ನಿಯಮ ನನಗೆ ಸರಿ ಅನ್ನಿಸಿದ್ದೂ ಇಲ್ಲಿಂದಲೇ. ಇವತ್ತು ನನ್ನ ತೋಳು, ಮುಂದಿನ ವಾರ ಯಾರೋ ಜರ್ಮನ್ ಹುಡುಗಿಯ ತೋಳು ಅಂತ ಬೆಳೆದ ಮರಿ, ದೊಡ್ಡದಾದ ಮೇಲೆ ಬದುಕಬೇಕಾದದ್ದು ತನ್ನ ಜಾತಿಯವರ ನಡುವೆ. ಅವರ ಜಗಳ, ಅವರ ರಾಜಿ, ಯಾರಿಗೆ ತಲೆಬಾಗಬೇಕು ಅನ್ನುವ ಲೆಕ್ಕ ಅದಕ್ಕೆ ಬರಬೇಕು. ಮೇಲಾಗಿ ನಮ್ಮ ನೆಗಡಿ ಅವಕ್ಕೆ ನ್ಯುಮೋನಿಯಾ ಆಗಬಹುದು. ಇಂಥ ಕಡೆಗಳಲ್ಲಿ ಕ್ಷಯದ ಪರೀಕ್ಷೆ, ಲಸಿಕೆಯ ಪತ್ರ ಕೇಳುವುದು ವಾಡಿಕೆ. ಕಿರಿಕಿರಿ ಮಾಡಿಕೊಳ್ಳದೆ ಮಾಡಿಸಿಕೊಂಡು ಹೋಗಿ. 'ಚಿಕ್ಕಮ್ಮ, ಒಂದ್ಸಲ ಕೈನಾದ್ರೂ ಕುಲುಕಬಹುದಾ?' ಅಂತ ನಮ್ಮ ಹುಡುಗ ಕೇಳಿದ. ಆಗ ಒಂದು ದೊಡ್ಡ ಗಂಡು ಕಬ್ಬಿಣದ ಬಾಗಿಲನ್ನು ಒಮ್ಮೆ ಒದೆಯಿತು. ಮತ್ತೆ ಕೇಳಲಿಲ್ಲ.

ಇನ್ನು ಕೆಲಸದ ವಿಷಯ. ಮೈಸೂರು ಝೂನಲ್ಲಿ ಚಿಂಪಾಂಜಿ ನೋಡಿದ್ದೇವಲ್ಲ, ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ವಿದ್ಯುತ್ ಬೇಲಿ ಹಾಕಿದ ಕಾಡಿನ ತುಂಡುಗಳು ಇವು. ದೊಡ್ಡ ಆವರಣಗಳು ಸುಮಾರು 50ರಿಂದ 190 ಎಕರೆಯವರೆಗೆ. ರಾತ್ರಿಯೂ ಅವು ಹೊರಗೇ ಮಲಗುತ್ತವೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಳಗಿನ ಕಟ್ಟಡಕ್ಕೆ ಬರುತ್ತವೆ. ಅವು ಒಳಗಿಲ್ಲದಾಗ ನಾವು ಅಲ್ಲಿ ಗುಡಿಸಿ ತೊಳೆಯಬೇಕು. ವಾಸನೆ ಬಗ್ಗೆ ಏನು ಹೇಳಲಿ, ಎರಡನೇ ದಿನಕ್ಕೆ ಮೂಗು ಒಗ್ಗಿಕೊಳ್ಳುತ್ತದೆ, ಬಟ್ಟೆಗೆ ಮಾತ್ರ ಹೋಗುವುದಿಲ್ಲ. ಬೇಲಿಯ ತಂತಿಗೆ ಹುಲ್ಲು ತಾಗಿದರೆ ಕರೆಂಟು ಸೋರಿ ಬೇಲಿ ಸತ್ತ ಹಾಗೆ. ಅದಕ್ಕೇ ಬೇಲಿಯುದ್ದಕ್ಕೂ ಹುಲ್ಲು ಸವರುವುದು ಮುಗಿಯದ ಕೆಲಸ. ಬೆನ್ನು ನೋವಿರುವವರು ಅಡುಗೆ ಕಡೆ ಹಾಕಿ ಅಂತ ಕೇಳಿಕೊಳ್ಳಿ.

ಅಡುಗೆ ಕಡೆಯೇ ನನ್ನ ರಾಜ್ಯವಾಗಿತ್ತು. ಹಣ್ಣು ತರಕಾರಿ ಜೊತೆಗೆ ಇಲ್ಲಿನ ಚಿಂಪಾಂಜಿಗಳಿಗೆ ನ್ಶಿಮಾ ಉಂಡೆ ಕೊಡುತ್ತಾರೆ. ನ್ಶಿಮಾ ಅಂದರೆ ಜಾಂಬಿಯಾದವರ ಊಟ, ಬಿಳಿ ಬಣ್ಣದ ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಮಂಡ್ಯದ ಹೆಂಗಸಿಗೆ ಇದನ್ನು ಯಾರು ಕಲಿಸಬೇಕು? ಎಸರು ಕುದಿಸಿ, ಹಿಟ್ಟು ಸುರಿದು, ಗಂಟಾಗದಂತೆ ತೊಳಸಿ, ಕೈ ತಣ್ಣೀರಲ್ಲಿ ಅದ್ದಿ ಕಟ್ಟುವುದು. ವ್ಯತ್ಯಾಸ ಎಂದರೆ ಪಾತ್ರೆಯ ಗಾತ್ರ. ನಮ್ಮೂರಲ್ಲಿ ಹಬ್ಬಕ್ಕೆ ಇಳಿಸುವಂಥ ಹಂಡೆ. ಕವೆಗೋಲಿಲ್ಲದೆ ಅಷ್ಟು ದೊಡ್ಡ ಪಾತ್ರೆ ಅಲುಗದಂತೆ ಇವರು ಹೇಗೆ ತೊಳಸುತ್ತಾರೋ ದೇವರೇ ಬಲ್ಲ. ನಾನು ಒಂದು ಕವಲೊಡೆದ ಕೊಂಬೆ ಹುಡುಕಿ ತಂದು ಪಾತ್ರೆಗೆ ಆನಿಸಿ, ಕಾಲಲ್ಲಿ ಮೆಟ್ಟಿ ತೋರಿಸಿದೆ. ಅಡುಗೆಯ ಹೆಂಗಸರು ಬಿದ್ದು ಬಿದ್ದು ನಕ್ಕರು, ಆಮೇಲೆ ಒಬ್ಬಾಕೆ ತಾನೂ ಹಾಗೇ ಮೆಟ್ಟಿ ನಿಂತಳು. ಇಲ್ಲಿನವರ ಮಾತು ಬೆಂಬಾ, ನನ್ನದು 'ಮುಲಿಶಾನಿ' (ಹೇಗಿದ್ದೀರಿ), 'ನಾತೊತೆಲಾ' (ಧನ್ಯವಾದ) ದಾಟುವುದಿಲ್ಲ. ಮುದ್ದೆ ಕಟ್ಟಲು ಅದು ಸಾಕಾಯಿತು.

ಊಟದ ಹೊತ್ತು ನೋಡಬೇಕು. ದೂರದಿಂದ ಒಂದು ಹೂಂಕಾರ, ಅದಕ್ಕೆ ಇನ್ನೊಂದು ಸೇರಿ, ಏರುತ್ತಾ ಏರುತ್ತಾ ಕಾಡೇ ಕೂಗಿದಂತಾಗುತ್ತದೆ. ಹೊರಗೆ ಎಸೆದಾಗ ಒಂದೊಂದು ಚಿಂಪಾಂಜಿಯೂ ಎರಡು ಕೈಗೆ ಎರಡು, ಬಾಯಿಗೊಂದು ಉಂಡೆ ಹಿಡಿದು, ತೊಡೆಸಂದಿಗೆ ಕ್ಯಾಬೇಜು ಸಿಕ್ಕಿಸಿಕೊಂಡು, ಎರಡೇ ಕಾಲಲ್ಲಿ ಓಡುತ್ತದೆ. ಬೇಡುವವು ಕೈ ಚಾಚುತ್ತವೆ. ತಾಳ್ಮೆ ಕೆಟ್ಟವು ಕಲ್ಲೆಸೆಯುತ್ತವೆ, ಕಲ್ಲಿಲ್ಲದಿದ್ದರೆ ಕೈಗೆ ಸಿಕ್ಕಿದ್ದು. ಕನ್ನಡಕದವರು ಹಿಂದೆ ನಿಲ್ಲಿ.

ಇಲ್ಲಿ ಸಂಶೋಧಕರೂ ಇರುತ್ತಾರೆ. ಅವರ ಕೆಲಸದ ಬಗ್ಗೆ ಕೇಳಿದ್ದರಲ್ಲಿ ನನಗೆ ಹಿಡಿಸಿದ್ದು ಜೂಲಿ ಎಂಬ ಹೆಣ್ಣು ಚಿಂಪಾಂಜಿಯ ಕತೆ. 2010ರಲ್ಲಿ ಅವಳು ಒಂದು ಹುಲ್ಲುಕಡ್ಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಓಡಾಡತೊಡಗಿದಳು. ಯಾವ ಉಪಯೋಗವೂ ಇಲ್ಲ, ಬರೀ ಶೋಕಿ. 12 ಚಿಂಪಾಂಜಿಗಳ ಆ ಗುಂಪಿನಲ್ಲಿ 8ಕ್ಕೆ ಅದು ಹತ್ತಿತು. ಬೇರೆ ಗುಂಪುಗಳಿಗೆ ಹರಡಲೇ ಇಲ್ಲ. ಜೂಲಿ ಸತ್ತ ಮೇಲೂ ಕೆಲವು ಕಡ್ಡಿ ಬಿಡಲಿಲ್ಲ. ವರ್ಷಗಳ ನಂತರ ಇನ್ನೊಂದು ಗುಂಪಿನಲ್ಲೂ ಇಂಥದೇ ಶುರುವಾದಾಗ, ಅಲ್ಲಿನ ಕೀಪರುಗಳು ಬೆಂಕಿಕಡ್ಡಿಯಿಂದ ಕಿವಿ ಕೆರೆದುಕೊಳ್ಳುವುದನ್ನು ನೋಡಿ ಕಲಿತಿರಬೇಕು ಎಂಬ ಅನುಮಾನ ಬಂತಂತೆ. ನಮ್ಮ ಯಜಮಾನರಿಗೆ ಆ ಅಭ್ಯಾಸವಿದೆ, ಹೇಳಿ ನಗಾಡಿದೆ.

ಕೀಪರುಗಳ ಮಾತು ಬಂತಲ್ಲ, ಈ ಜಾಗದ ನಿಜವಾದ ಬಲ ಅವರೇ. ಕಪ್ಪು ರೋಮದ ಒಂದೇ ಥರದ ಹಿಂಡು ನಮಗೆ ಕಾಣುವಲ್ಲಿ, ಅವರು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾರೆ, ಯಾರ ಮಗಳು, ಯಾರ ಮೇಲೆ ಯಾರಿಗೆ ಮುನಿಸು ಎಲ್ಲ ಹೇಳುತ್ತಾರೆ. ಬಂದು ಹೋಗುವ ನಾವು ಚಿಂಪಾಂಜಿಗಳನ್ನು ಉಳಿಸುತ್ತಿದ್ದೇವೆ ಅನ್ನುವ ಭ್ರಮೆ ಬೇಡ. ನಾನು ಹುಲ್ಲು ಸವರದಿದ್ದರೆ ಹಳ್ಳಿಯವರೊಬ್ಬರು ನನಗಿಂತ ಬೇಗ ಸವರುತ್ತಾರೆ. ನಮ್ಮಿಂದ ಆಗುವ ದೊಡ್ಡ ಉಪಕಾರ ನಾವು ಕಟ್ಟುವ ದುಡ್ಡು. ಹಿಟ್ಟು, ಹಣ್ಣು, ಔಷಧಿ, ಬೇಲಿ, ಸಂಬಳ, ಇಷ್ಟೂ ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ನಡೆಯಬೇಕು. ಹೋಗಲಾಗದವರು ಬರೀ ದುಡ್ಡು ಕಳಿಸಿದರೂ ಕಡಿಮೆಯೇನಲ್ಲ.

ಅತ್ತೆಗೆ ಫೋನಿನಲ್ಲಿ ಇಷ್ಟನ್ನೂ ಹೇಳಿದೆ. 'ಆಂಜನೇಯನ ಸೇವೆ ಆಯ್ತು ಬುಡವ್ವ' ಅಂದರು. ಬಾಲ ಇಲ್ಲ ಅತ್ತೆ ಅಂದರೆ, 'ಲಂಕೇಲಿ ಸುಟ್ಟೋಗಿರ್ಬೇಕು' ಅಂದರು.

ಹೋಗುವವರಿಗೆ ಒಂದಿಷ್ಟು. ಮೇ ತಿಂಗಳಿನಿಂದ ಅಕ್ಟೋಬರ್ ಒಳಗೆ ಹೋಗಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಮಣ್ಣುದಾರಿಗೆ ಎತ್ತರದ ಗಾಡಿಯೇ ಬೇಕು. ಜೂನ್ ಜುಲೈ ರಾತ್ರಿಗಳಿಗೆ ಸ್ವೆಟರ್ ಇರಲಿ, ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಬಂದ ನಮ್ಮ ಹುಡುಗ ಯಜಮಾನರ ಜಾಕೆಟ್ ಹಾಕಿಕೊಂಡೇ ಮಲಗಿದ. ಮಲೇರಿಯಾ ಇದೆ, ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ. ತುಂಬು ತೋಳಿನ ಹಳೆಯ ಬಟ್ಟೆ, ಗಟ್ಟಿ ಬೂಟು, ಹುಲ್ಲಿನ ಕೆಲಸಕ್ಕೆ ಕೈಗವಸು. ಹತ್ತು ವರ್ಷದೊಳಗಿನ ಮಕ್ಕಳನ್ನು ಸ್ವಯಂಸೇವೆಗೆ ಕರೆದುಕೊಂಡು ಹೋಗುವ ಜಾಗ ಇದಲ್ಲ, ಅವರಿಗೆ ದಿನದ ಮಟ್ಟಿಗೆ ನೋಡಿಕೊಂಡು ಬರುವುದೇ ಸಾಕು.

ಸಸ್ಯಾಹಾರಿಗಳು ಹೆದರಬೇಕಿಲ್ಲ. ನ್ಶಿಮಾ ಜೊತೆ ಹುರುಳಿಕಾಯಿ ಬೀಜದ ಪಲ್ಯ ಈ ಕಡೆ ಎಲ್ಲೆಲ್ಲೂ ಸಿಗುತ್ತದೆ. ಸೊಪ್ಪಿಗೆ ಕಡಲೆಕಾಯಿ ಪುಡಿ ಹಾಕಿ ಬೇಯಿಸುವ ಇಫಿಸಾಶಿ ಸಿಕ್ಕಿದರಂತೂ ಬಿಡಬೇಡಿ. ಖಾರ ಮಾತ್ರ ಇರುವುದಿಲ್ಲ. ಉಪ್ಪಿನಕಾಯಿ ತೆಗೆದುಕೊಂಡು ಹೋಗಿ.