ಮಗನನ್ನು ಅವನದೇ ದೇಶದ ವಿಮಾನಕ್ಕೆ ಹತ್ತಿಸಲಿಲ್ಲ: ಎರಡು ಪೌರತ್ವ ಇರುವವರ ಗಮನಕ್ಕೆ

ಎರಡು ದೇಶಗಳ ಪೌರತ್ವ ಇದ್ದವರಿಗೆ ಪ್ರಯಾಣ ಸುಲಭ ಎಂಬ ನಂಬಿಕೆ ನನ್ನಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, 2026ರ ಏಪ್ರಿಲ್‌ನಲ್ಲಿ ಲಂಡನ್ನಿನ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿದ್ದ ಸಿಬ್ಬಂದಿ ನನ್ನ ಒಂಬತ್ತು ವರ್ಷದ ಮಗನಿಗೆ ಬೋರ್ಡಿಂಗ್ ಪಾಸ್ ಕೊಡಲಾಗದು ಎಂದಾಗ, ತಪ್ಪು ಅವರ ಕಂಪ್ಯೂಟರಿನದ್ದೇ ಇರಬೇಕೆಂದು ಕಾಲು ಗಂಟೆ ವಾದಿಸಿದೆ. ತಪ್ಪು ನನ್ನದಾಗಿತ್ತು. ನಮ್ಮಂತೆ ಎರಡು ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಕುಟುಂಬಗಳು ಈಗ ಬಹಳ ಇರುವುದರಿಂದ, ನಡೆದದ್ದನ್ನು ಮುಜುಗರವಾದರೂ ವಿವರವಾಗಿ ಬರೆಯುತ್ತಿದ್ದೇನೆ.

ಮಗ ಹುಟ್ಟಿದ್ದು ಟೊರೊಂಟೊದಲ್ಲಿ. ಆಗ ನಾನೂ ನನ್ನ ಹೆಂಡತಿಯೂ ಕೆನಡಾದ ಪೌರರಾಗಿದ್ದೆವು. ಮುಂದೆ ಕೆಲಸದ ನಿಮಿತ್ತ ಬ್ರಿಟನ್ನಿಗೆ ಬಂದು, ಇಲ್ಲಿನ ವಾಸದ ಅವಧಿ ಪೂರೈಸಿ, 2024ರಲ್ಲಿ ಮೂವರೂ ಬ್ರಿಟಿಷ್ ಪೌರತ್ವವನ್ನೂ ಪಡೆದೆವು. ಎರಡೂ ದೇಶಗಳು ಇಬ್ಬಗೆಯ ಪೌರತ್ವವನ್ನು ಒಪ್ಪುತ್ತವೆ, ಹಾಗಾಗಿ ಒಂದನ್ನು ಬಿಡಬೇಕಾದ ಪ್ರಮೇಯ ಬರಲಿಲ್ಲ. ನಮ್ಮಿಬ್ಬರ ಕೆನಡಾ ಪಾಸ್‌ಪೋರ್ಟುಗಳು ಹತ್ತು ವರ್ಷದವು. ಆದರೆ ಹದಿನಾರು ವರ್ಷದೊಳಗಿನ ಮಕ್ಕಳಿಗೆ ಕೆನಡಾ ಐದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಪಾಸ್‌ಪೋರ್ಟ್ ಕೊಡುವುದಿಲ್ಲ. ನಮ್ಮದು ಇನ್ನೂ ಚಾಲ್ತಿಯಲ್ಲಿದ್ದುದರಿಂದ ಮಗನದು ಕಳೆದ ಅಕ್ಟೋಬರ್‌ನಲ್ಲೇ ಅವಧಿ ಮುಗಿದು ಡ್ರಾಯರಿನಲ್ಲಿ ಬಿದ್ದಿತ್ತೆಂಬುದು ಟಿಕೆಟ್ ಕಾಯ್ದಿರಿಸುವವರೆಗೂ ನಮ್ಮ ಗಮನಕ್ಕೆ ಬರಲಿಲ್ಲ.

ಗಮನಕ್ಕೆ ಬಂದ ಮೇಲೂ ನಾನು ಗಾಬರಿಯಾಗಲಿಲ್ಲ. ಟೊರೊಂಟೊದಲ್ಲಿರುವ ಅಕ್ಕನ ಮನೆಗೆ ಹತ್ತು ದಿನದ ಭೇಟಿ, ಬ್ರಿಟಿಷ್ ಪಾಸ್‌ಪೋರ್ಟಿಗೆ ಕೆನಡಾದ ವೀಸಾ ಬೇಕಿಲ್ಲ, ಅವನಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ಇಷ್ಟೇ ಸಾಕು ಎಂದು ಲೆಕ್ಕ ಹಾಕಿದೆ. ಹೊರಡುವ ಮೊದಲು, ಅಮೆರಿಕ ಮತ್ತು ಕೆನಡಾ ಎರಡರ ಪೌರತ್ವವೂ ಇರುವ ಗೆಳೆಯನೊಬ್ಬನನ್ನು ಕೇಳಿದ್ದೆ. ತಾನು ಎಷ್ಟೋ ಸಲ ಅಮೆರಿಕದ ಪಾಸ್‌ಪೋರ್ಟ್ ತೋರಿಸಿಯೇ ಕೆನಡಾಕ್ಕೆ ಹೋಗಿದ್ದೇನೆ, ಯಾರೂ ತಡೆದಿಲ್ಲ ಎಂದು ಅವನು ಹೇಳಿದ. ಅವನು ಹೇಳಿದ್ದು ನಿಜ. ಆದರೆ ಅದು ಅವನಿಗೆ ಮಾತ್ರ ನಿಜ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. 2016ರ ನವೆಂಬರ್ 10ರಿಂದ, ಬೇರೆ ದೇಶದ ಪೌರತ್ವವೂ ಇರುವ ಕೆನಡಾ ಪೌರರು ವಿಮಾನದಲ್ಲಿ ಕೆನಡಾಕ್ಕೆ ಹೋಗಬೇಕಾದರೆ ಚಾಲ್ತಿಯಲ್ಲಿರುವ ಕೆನಡಾ ಪಾಸ್‌ಪೋರ್ಟ್ ತೋರಿಸಲೇಬೇಕು. ಚಾಲ್ತಿಯಲ್ಲಿರುವ ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಎರಡು ಪಾಸ್‌ಪೋರ್ಟ್ ಇರುವ ಒಬ್ಬರ ಅನುಭವ ಬೇರೆ ಎರಡು ಪಾಸ್‌ಪೋರ್ಟ್ ಇರುವ ಇನ್ನೊಬ್ಬರಿಗೆ ಹೊಂದುವುದಿಲ್ಲ ಎಂಬುದನ್ನು ಅಂದು ನಾನು ಊಹಿಸಿಯೂ ಇರಲಿಲ್ಲ.

ಇನ್ನೊಂದು ಎಡವಟ್ಟನ್ನು ನಾನು ಓದಿನಲ್ಲೇ ಮಾಡಿದ್ದೆ. ವೀಸಾ ಬೇಕಿಲ್ಲದ ದೇಶಗಳವರು ವಿಮಾನದಲ್ಲಿ ಕೆನಡಾಕ್ಕೆ ಹೋಗುವ ಮುನ್ನ ಇಟಿಎ ಎಂಬ ಆನ್‌ಲೈನ್ ಅನುಮತಿ ಪಡೆಯಬೇಕು; ಅದರ ಶುಲ್ಕ ಏಳು ಕೆನಡಾ ಡಾಲರ್. ಕೆನಡಾ ಪೌರರಿಗೆ ಇಟಿಎ ಬೇಕಿಲ್ಲ ಎಂಬ ಸಾಲನ್ನು ಓದಿ, ಮಗ ಪೌರನೇ ತಾನೆ ಎಂದು ನೆಮ್ಮದಿಯಿಂದ ಪುಟ ಮುಚ್ಚಿದೆ. ಬೇಕಿಲ್ಲ ಎಂದರೆ ಹಾಗೆಯೇ ಹೋಗಬಹುದು ಎಂದಲ್ಲ, ಪೌರರಿಗೆ ಅದನ್ನು ಕೊಡುವುದೇ ಇಲ್ಲ, ಅವರು ಕೆನಡಾ ಪಾಸ್‌ಪೋರ್ಟ್ ತರಬೇಕು ಎಂಬ ಅರ್ಥ ಅದಕ್ಕೆ ಇದೆ ಎನ್ನುವುದು ಕೌಂಟರಿನ ಮುಂದೆ ನಿಂತಾಗ ಹೊಳೆಯಿತು.

ಕೌಂಟರಿನಲ್ಲಿ ನಡೆದದ್ದು ಇಷ್ಟು. ಸಿಬ್ಬಂದಿ ಮಗನ ಬ್ರಿಟಿಷ್ ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟರು. ಪ್ರಯಾಣಿಕರ ವಿವರ ಅಲ್ಲಿಂದಲೇ ಕೆನಡಾದ ಗಡಿ ವಿಭಾಗದ ವ್ಯವಸ್ಥೆಗೆ ಹೋಗುತ್ತದೆ, ಹತ್ತಿಸಬಹುದೇ ಬಾರದೇ ಎಂಬ ಉತ್ತರ ಅಲ್ಲಿಂದಲೇ ಬರುತ್ತದೆ. ಬ್ರಿಟಿಷ್ ಪಾಸ್‌ಪೋರ್ಟಿಗೆ ಇಟಿಎ ಜೋಡಣೆಯಾಗಿಲ್ಲದ ಕಾರಣ ಬಾರದು ಎಂಬ ಉತ್ತರ ಬಂತು. ಅವನು ಕೆನಡಾದ ಪೌರ ಎಂದೆ. ಹಾಗಾದರೆ ಕೆನಡಾ ಪಾಸ್‌ಪೋರ್ಟ್ ಕೊಡಿ ಎಂದರು. ಅವಧಿ ಮುಗಿದದ್ದನ್ನು ಕೊಟ್ಟೆ. ಆಕೆ ಅದನ್ನು ತಿರುಗಿಸಿ ನೋಡಿ, ಬೇಸರದಿಂದಲೇ, ಇದು ನಡೆಯುವುದಿಲ್ಲ ಎಂದರು. ಒಬ್ಬ ಪೌರನಿಗೆ ತನ್ನ ದೇಶವನ್ನು ಪ್ರವೇಶಿಸುವ ಹಕ್ಕಿಲ್ಲವೇ ಎಂಬ ನನ್ನ ಪ್ರಶ್ನೆ ಆ ಕ್ಷಣಕ್ಕೆ ನನಗೇ ಬಲವಾಗಿ ಕೇಳಿಸಿತು. ಹಕ್ಕು ಇರುವುದು ಹೌದು. ಕೆನಡಾದ 1982ರ ಹಕ್ಕುಗಳ ಸನ್ನದಿನ ಆರನೆಯ ವಿಧಿಯೇ ಅದನ್ನು ಕೊಡುತ್ತದೆ. ಆದರೆ ಆ ಹಕ್ಕನ್ನು ಹೇಳಿಕೊಳ್ಳಬೇಕಾದ ಜಾಗ ಕೆನಡಾದ ಗಡಿ. ನಾನು ನಿಂತಿದ್ದುದು ಅಲ್ಲಿಗೆ ಒಂದು ಸಾಗರದಷ್ಟು ದೂರದಲ್ಲಿ, ದಾಖಲೆ ಸರಿಯಿಲ್ಲದವರನ್ನು ಕರೆದೊಯ್ದರೆ ದಂಡ ತೆರಬೇಕಾದ ಸಂಸ್ಥೆಯೊಂದರ ಮುಂದೆ. ಈಗಿನ ಕಾಲದ ಗಡಿ ಹೊರಡುವ ಊರಿನ ಕೌಂಟರಿನಲ್ಲೇ ಶುರುವಾಗುತ್ತದೆ, ಅಲ್ಲಿ ಕೆಲಸ ಮಾಡುವುದು ಹಕ್ಕಲ್ಲ, ಕಾಗದ.

ಸರತಿಯಲ್ಲಿದ್ದ ಸದುದ್ದೇಶದ ಯಾರೋ ಒಬ್ಬರು, ಮಗ ಕೆನಡಾದವನೆಂದು ಹೇಳದೆ ಈಗಲೇ ಫೋನಿನಲ್ಲಿ ಇಟಿಎಗೆ ಅರ್ಜಿ ಹಾಕಿಬಿಡಿ ಎಂದು ಪಿಸುಗುಟ್ಟಿದರು. ಹುಡುಕಿದಾಗ ಮೊದಲಿಗೆ ಕಾಣಿಸಿದ್ದು ಸರ್ಕಾರದ ಪುಟದಂತೆಯೇ ತೋರುವ, ಏಳು ಡಾಲರಿನ ಅನುಮತಿಗೆ ಹತ್ತಾರು ಪಟ್ಟು ಹಣ ಕೇಳುವ ಖಾಸಗಿ ಪುಟ. ಹಣ ಕಟ್ಟುವ ಹಂತದವರೆಗೂ ಹೋಗಿದ್ದೆ. ತಡೆದದ್ದು ನನ್ನ ವಿವೇಕವೇನೂ ಅಲ್ಲ. ಮಗನ ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಟೊರೊಂಟೊ ಎಂದು ಅಚ್ಚಾಗಿರುವುದನ್ನು ಹೆಂಡತಿ ಬೆರಳಿಟ್ಟು ತೋರಿಸಿದಳು. ಪೌರತ್ವವನ್ನು ಮುಚ್ಚಿಟ್ಟು ಅರ್ಜಿ ತುಂಬುವುದೆಂದರೆ ಸರ್ಕಾರಕ್ಕೆ ಸುಳ್ಳು ಹೇಳಿಕೆ ಕೊಟ್ಟಂತೆ, ಅದೂ ಮಗುವಿನ ಹೆಸರಿನಲ್ಲಿ.

ಬ್ರಿಟಿಷ್ ಸರ್ಕಾರದ ಸಹಾಯ ಕೇಳೋಣವೇ ಎಂಬ ಯೋಚನೆಯೂ ಬಂತು. ಅದು ವ್ಯರ್ಥ. ಒಂದು ದೇಶ ತನ್ನ ಪೌರನ ಪರವಾಗಿ, ಅವನು ಪೌರನೇ ಆಗಿರುವ ಇನ್ನೊಂದು ದೇಶದ ವಿರುದ್ಧ ರಾಜತಾಂತ್ರಿಕ ರಕ್ಷಣೆ ನೀಡುವಂತಿಲ್ಲ ಎಂಬ ಮಾತು 1930ರ ಹೇಗ್ ಒಪ್ಪಂದದ ನಾಲ್ಕನೆಯ ವಿಧಿಯಲ್ಲೇ ಇದೆ. ಕೆನಡಾದ ಕಣ್ಣಿಗೆ ನನ್ನ ಮಗ ಬ್ರಿಟಿಷ್ ಪ್ರವಾಸಿ ಅಲ್ಲವೇ ಅಲ್ಲ, ಕಾಗದ ನವೀಕರಿಸದ ಕೆನಡಾ ಹುಡುಗ.

ಹೆಂಡತಿ ಒಬ್ಬಳೇ ಆ ವಿಮಾನದಲ್ಲಿ ಹೋದಳು. ನಾನೂ ಮಗನೂ ಮನೆಗೆ ಮರಳಿದೆವು. ದಾರಿಯುದ್ದಕ್ಕೂ ಅವನು, ನಾನು ಕೆನಡಾದವನು ಹೌದೋ ಅಲ್ಲವೋ ಅಪ್ಪಾ ಎಂದು ಕೇಳುತ್ತಲೇ ಇದ್ದ.

ಪಾರಾದದ್ದು ವಿಶೇಷ ಅನುಮತಿ ಎಂಬ ಒಂದು ಸೌಲಭ್ಯದಿಂದ. ಇದನ್ನು ಅಂದೇ ಕೌಂಟರಿನವರು ಹೇಳಿದ್ದರೆ ಎನಿಸಿತಾದರೂ, ಅದನ್ನು ಮೊದಲೇ ತಿಳಿದಿರಬೇಕಾದವನು ನಾನೇ. ಇಬ್ಬಗೆಯ ಪೌರತ್ವದ ಕೆನಡಿಯನ್ನರು, ಹೊರಡುವುದಕ್ಕೆ ಹತ್ತು ದಿನಕ್ಕಿಂತ ಕಡಿಮೆ ಸಮಯವಿದ್ದು, ವೀಸಾ ಬೇಕಿಲ್ಲದ ದೇಶವೊಂದರ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಕೈಯಲ್ಲಿದ್ದು, ಹಿಂದೆ ಕೆನಡಾದ ಪಾಸ್‌ಪೋರ್ಟನ್ನೋ ಪೌರತ್ವದ ಪ್ರಮಾಣಪತ್ರವನ್ನೋ ಪಡೆದಿದ್ದರೆ ಇದಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅನುಮತಿ ಸಿಕ್ಕರೆ ಅದು ನಾವು ನಮೂದಿಸಿದ ಪ್ರಯಾಣದ ದಿನಾಂಕದಿಂದ ನಾಲ್ಕು ದಿನ ಮಾತ್ರ ಊರ್ಜಿತ. ಮಗನಿಗೆ ಅನುಮತಿ ಬಂದು ನಾವು ಹೊರಟಾಗ ಮೂರು ದಿನ ಕಳೆದಿತ್ತು, ಹೊಸ ಟಿಕೆಟಿಗೆ ಹಳೆಯದಕ್ಕಿಂತ ಬಹಳ ಹೆಚ್ಚು ಹಣ ತೆತ್ತಿದ್ದೆ. ವೀಸಾ ಬೇಕಾಗುವ ದೇಶದ ಪಾಸ್‌ಪೋರ್ಟ್ ಎರಡನೆಯದಾಗಿದ್ದರೆ ಈ ಬಾಗಿಲೂ ತೆರೆಯುತ್ತಿರಲಿಲ್ಲ.

ಮರಳುವಾಗ ಇದೇ ಆಟ ತಿರುಗುಮುರುಗಾಗಿ ಎದುರಾಯಿತು. ನಾನೂ ಹೆಂಡತಿಯೂ ಟಿಕೆಟ್ ಕಾಯ್ದಿರಿಸುವಾಗ ಎರಡೂ ದಿಕ್ಕಿಗೆ ಕೆನಡಾ ಪಾಸ್‌ಪೋರ್ಟಿನ ಸಂಖ್ಯೆಯನ್ನೇ ಕೊಟ್ಟಿದ್ದೆವು. 2025ರ ಜನವರಿ 8ರಿಂದ ಕೆನಡಾ ಪಾಸ್‌ಪೋರ್ಟಿನವರಿಗೆ ಬ್ರಿಟನ್ ತನ್ನದೇ ಇಟಿಎ ಕೇಳುತ್ತಿದೆ, ಬ್ರಿಟಿಷ್ ಪೌರರಿಗೆ ಅದನ್ನು ಕೊಡುವುದಿಲ್ಲ. 2026ರ ಫೆಬ್ರುವರಿ 25ರಿಂದ ಈ ತಪಾಸಣೆ ಬಿಗಿಯಾಗಿದ್ದು, ಇಬ್ಬಗೆಯ ಪೌರರು ಬ್ರಿಟಿಷ್ ಪಾಸ್‌ಪೋರ್ಟನ್ನೋ ವಾಸದ ಹಕ್ಕಿನ ಪ್ರಮಾಣಪತ್ರವನ್ನೋ ತೋರಿಸಬೇಕು. ಆನ್‌ಲೈನ್ ಚೆಕ್-ಇನ್ ನಮ್ಮಿಬ್ಬರನ್ನೂ ತಡೆಯಿತು. ಕೌಂಟರಿನಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ತೋರಿಸಿ ವಿವರ ಬದಲಿಸಿಕೊಂಡ ಮೇಲೆ ಎರಡೇ ನಿಮಿಷದಲ್ಲಿ ಕೆಲಸ ಮುಗಿಯಿತು. ಆದರೆ ಕಳೆದುಹೋದರೆ ಕಷ್ಟ ಎಂದು ಹೆಂಡತಿ ಹೊರಡುವಾಗ ಬ್ರಿಟಿಷ್ ಪಾಸ್‌ಪೋರ್ಟನ್ನು ಮನೆಯಲ್ಲೇ ಬಿಡುವುದರಲ್ಲಿದ್ದಳು ಎಂಬುದು ನೆನಪಾಗಿ ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಆದ್ದರಿಂದ ಎರಡನ್ನೂ ಕೈಚೀಲದಲ್ಲೇ ಒಯ್ಯಿರಿ, ಪ್ರತಿ ದಿಕ್ಕಿನ ಪ್ರಯಾಣಕ್ಕೂ ಇಳಿಯುವ ದೇಶದ ಪಾಸ್‌ಪೋರ್ಟಿನ ವಿವರವನ್ನೇ ವಿಮಾನ ಸಂಸ್ಥೆಗೆ ಕೊಡಿ. ಹೊರಹೋಗುವವರ ಪಾಸ್‌ಪೋರ್ಟಿಗೂ ಮುದ್ರೆ ಒತ್ತುವ ದೇಶಗಳಲ್ಲಿ, ಒಳಬರುವಾಗ ತೋರಿಸಿದ್ದನ್ನೇ ಹೊರಡುವಾಗಲೂ ಅಧಿಕಾರಿಗೆ ತೋರಿಸಬೇಕು. ಎರಡರಲ್ಲೂ ಹೆಸರು ಅಕ್ಷರಶಃ ಒಂದೇ ಇರಲಿ. ಇನಿಷಿಯಲ್ ಬಿಡಿಸಿ ತಂದೆಯ ಹೆಸರನ್ನು ಒಂದರಲ್ಲಿ ಕೊನೆಗೆ, ಇನ್ನೊಂದರಲ್ಲಿ ಮೊದಲಿಗೆ ಬರೆಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಕಚೇರಿ ಇನ್ನೊಂದು ದೇಶದ ಪಾಸ್‌ಪೋರ್ಟಿನ ಪ್ರತಿ ಕೇಳಿ ಹೆಸರು ಹೊಂದಿಸಿಕೊಳ್ಳಿ ಎಂದಾಗ ನಾನು ಗೊಣಗಿದ್ದೆ. ಈಗ ಅದು ಉಪಕಾರವೆನಿಸುತ್ತಿದೆ.

ಭಾರತದ ಪಾಸ್‌ಪೋರ್ಟ್ ಈ ಲೆಕ್ಕದೊಳಗೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡನ್ನು ಎರಡನೆಯ ಪೌರತ್ವವೆಂದು ತಿಳಿದವರನ್ನು ನಾನು ಪದೇ ಪದೇ ನೋಡುತ್ತಿದ್ದೇನೆ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣದಲ್ಲೇ 1955ರ ಪೌರತ್ವ ಕಾಯ್ದೆಯ ಒಂಬತ್ತನೆಯ ಕಲಮಿನಂತೆ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಆಮೇಲೂ ಹಳೆಯ ಭಾರತೀಯ ಪಾಸ್‌ಪೋರ್ಟಿನಲ್ಲಿ ಓಡಾಡುವುದು ಅಪರಾಧ. ಒಸಿಐ ಎನ್ನುವುದು ಹೆಚ್ಚೆಂದರೆ ಜೀವನಪೂರ್ತಿಯ ವೀಸಾ.

ಮಗನ ಹೊಸ ಕೆನಡಾ ಪಾಸ್‌ಪೋರ್ಟಿಗೆ ಅರ್ಜಿ ಹೋಗಿದೆ. ಅವನ ಬ್ರಿಟಿಷ್ ಪಾಸ್‌ಪೋರ್ಟಿನ ಅವಧಿ 2029ಕ್ಕೆ, ಕೆನಡಾದ್ದು 2031ಕ್ಕೆ ಮುಗಿಯಲಿವೆ. ಎರಡಕ್ಕೂ ಎಂಟು ತಿಂಗಳು ಮುಂಚಿನ ದಿನಾಂಕವನ್ನು ಹೆಂಡತಿ ತನ್ನ ಫೋನಿನಲ್ಲಿ ಗುರುತು ಹಾಕಿಕೊಂಡಿದ್ದಾಳೆ, ನನ್ನ ಫೋನಿನ ಮೇಲೆ ಅವಳಿಗೆ ಈಗ ನಂಬಿಕೆಯಿಲ್ಲ.